ಹದಿನೈದು ಬ್ಯಾಟರಿಗೆ ಒಂದು ಪೆಟ್ಟಿಗೆ

ಕೇಳುಗರಿಗೆಲ್ಲ ನಮಸ್ಕಾರ.

ತರಗತಿಯಲ್ಲಿ ಪ್ಲಗ್ ಇರುವುದು ಎರಡು, ಲ್ಯಾಪ್‌ಟಾಪ್ 15. ಚಾರ್ಜ್ ಮಾಡುವುದು ಹೇಗೆ? 2007ರಲ್ಲಿ ತಯಾರಾಗತೊಡಗಿದ ಎಕ್ಸ್‌ಓ ಎಂಬ ಮಕ್ಕಳ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿಯನ್ನು ಸುಲಭವಾಗಿ ಬಿಚ್ಚಿ ತೆಗೆಯಬಹುದಿತ್ತು. ನನಗೆ ಅದು ಬಹಳ ಇಷ್ಟವಾದ ಏರ್ಪಾಡು. ಚಾರ್ಜಿಗೆ ಬ್ಯಾಟರಿ ಮಾತ್ರ ಹೋಗುತ್ತದೆ, ಲ್ಯಾಪ್‌ಟಾಪ್ ಮಗುವಿನ ಹತ್ತಿರವೇ ಇರುತ್ತದೆ. ಅಂಥ ಬ್ಯಾಟರಿಗಳನ್ನು ಒಂದೇ ಕಡೆ ಚಾರ್ಜ್ ಮಾಡುವ ಪೆಟ್ಟಿಗೆಯನ್ನು ಹೇಗೆ ಮಾಡಬಹುದು, ನೋಡೋಣ.

ಮೊದಲು ಹೊಳೆಯುವ ಉಪಾಯವೇ ಅಪಾಯದ್ದು. ಎಲ್ಲ ಬ್ಯಾಟರಿಗಳ ಪ್ಲಸ್ ಒಂದು ಕಡೆ, ಮೈನಸ್ ಒಂದು ಕಡೆ ಸೇರಿಸಿ ಒಂದೇ ಚಾರ್ಜರ್ ಹಾಕಿದರೆ ಆಯ್ತಲ್ವಾ? ಖಂಡಿತ ಬೇಡ. ತುಂಬಿದ ಬ್ಯಾಟರಿಯಿಂದ ಖಾಲಿ ಬ್ಯಾಟರಿಗೆ ಕರೆಂಟ್ ಒಮ್ಮೆಲೇ ನುಗ್ಗುತ್ತದೆ. ವೈರ್ ಸುಡಬಹುದು, ಬ್ಯಾಟರಿಯೂ ಹಾಳಾಗಬಹುದು. ಪೆಟ್ಟಿಗೆಯಲ್ಲಿ ಬ್ಯಾಟರಿ ಕೂರುವ ಒಂದೊಂದು ಗೂಡಿಗೂ ಅದರದ್ದೇ ಚಾರ್ಜಿಂಗ್ ಸರ್ಕ್ಯೂಟ್, ಅದರದ್ದೇ ಫ್ಯೂಸ್ ಬೇಕು. ಚಾರ್ಜಿಂಗನ್ನು ಎಷ್ಟು ವೋಲ್ಟಿಗೆ ನಿಲ್ಲಿಸಬೇಕು ಎಂಬುದು ಬ್ಯಾಟರಿಯ ಒಳಗಿನ ಸೆಲ್ಲಿನ ಬಗೆಯನ್ನು ಅವಲಂಬಿಸಿದೆ. ಸಾಮಾನ್ಯ ಲಿಥಿಯಂ ಅಯಾನ್ ಸೆಲ್ಲಿಗೆ 4.2 ವೋಲ್ಟ್, ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲಿಗೆ ಸುಮಾರು 3.6.

ಇನ್ನು ಸರದಿಯ ಮಾತು. ಇಡೀ ಪೆಟ್ಟಿಗೆಯ ಜೀವ ಇದರಲ್ಲೇ ಇದೆ. ಒಂದು ಬ್ಯಾಟರಿ 20 ವ್ಯಾಟ್ ಅವರ್, ಅಂದರೆ 20 ವ್ಯಾಟನ್ನು ಒಂದು ಗಂಟೆ ಕೊಡುವಷ್ಟು ಅಂದುಕೊಳ್ಳಿ. ತಲಾ 15 ವ್ಯಾಟಿನಂತೆ ಎಲ್ಲಕ್ಕೂ ಒಟ್ಟಿಗೆ ಕೊಡಲು 225 ವ್ಯಾಟ್ ಬೇಕು. ಸಲಕ್ಕೆ ಐದರಂತೆ ಕೊಟ್ಟರೆ 75 ಸಾಕು, ನಷ್ಟ ಸೇರಿಸಿದರೂ 100ರೊಳಗೆ ಮುಗಿಯುತ್ತದೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ನಿಜ. ಆದರೆ ರಾತ್ರಿಯಿಡೀ ಇದೆಯಲ್ಲ!

ಸೋಲಾರ್ ನಂಬಿದ್ದರೆ ಮೋಡದ ದಿನ ಏನು ಮಾಡುವುದು? ಒಂದನ್ನು ಪೂರ್ತಿ ತುಂಬಿಸಿ ಇನ್ನೊಂದಕ್ಕೆ ಹೋದರೆ, ಕೊನೆಯ ಮಕ್ಕಳಿಗೆ ಖಾಲಿ ಬ್ಯಾಟರಿಯೇ ಗತಿ. ಲಿಥಿಯಂ ಬ್ಯಾಟರಿ ತುಂಬುತ್ತ ಬಂದಂತೆ ಕರೆಂಟನ್ನು ಕಡಿಮೆ ಕಡಿಮೆ ಎಳೆದುಕೊಳ್ಳುತ್ತದೆ. ಆ ಕೊನೆಯ ಸ್ವಲ್ಪಕ್ಕಾಗಿ ಸುಮ್ನೆ ಸರದಿ ಹಿಡಿದು ಕೂರಿಸಬಾರದು. ಮೊದಲು ಎಲ್ಲವೂ 80 ಶೇಕಡಾ ಮುಟ್ಟಲಿ, ಆಮೇಲೆ ಉಳಿದದ್ದು. ಪ್ರತಿ ಮಗುವಿಗೂ ನಾಳೆಯ ಪಾಠ ಸಿಗಬೇಕು ಅನ್ನುವುದು ನನ್ನ ಹಟ.

ಬಿಸಿಯ ಕಡೆಗೂ ಗಮನ ಬೇಕು. ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಸೊನ್ನೆಗಿಂತ ಕೆಳಗಿಳಿದರೆ ಚಾರ್ಜಿಂಗ್ ನಿಲ್ಲಬೇಕು. ಗೂಡಿಗೊಂದು ತಾಪದ ಸೆನ್ಸರ್ ಇಡಿ. ಫ್ಯಾನ್ ಬೇಡ, ಅದು ಧೂಳನ್ನು ಒಳಗೆಳೆಯುತ್ತದೆ, ಒಂದು ದಿನ ನಿಂತೂ ಹೋಗುತ್ತದೆ. ಬ್ಯಾಟರಿಗಳನ್ನು ನೆಟ್ಟಗೆ ನಿಲ್ಲಿಸಿ, ಕೆಳಗೂ ಮೇಲೂ ಕಿಂಡಿ ಬಿಡಿ. ಬಿಸಿಗಾಳಿ ತಾನಾಗಿಯೇ ಮೇಲೇರುತ್ತದೆ.

ಬ್ಯಾಟರಿ ತಿರುಗುಮುರುಗಾಗಿ ಒಳಗೆ ಕೂರದಂತೆ ಗೂಡಿನ ಆಕಾರವೇ ತಡೆಯಬೇಕು. ದೀಪದ ವಿಷಯದಲ್ಲಿ ಕೆಂಪು, ಹಸಿರು ಬಣ್ಣಗಳನ್ನೇ ನೆಚ್ಚಿಕೊಳ್ಳಬೇಡಿ. ಕೆಲವು ಮಕ್ಕಳಿಗೆ ಆ ಎರಡರ ವ್ಯತ್ಯಾಸ ಕಾಣುವುದಿಲ್ಲ. ಮಿನುಗುತ್ತಿದ್ದರೆ ತುಂಬುತ್ತಿದೆ, ನಿಂತು ಉರಿಯುತ್ತಿದ್ದರೆ ತುಂಬಿದೆ, ಆರಿದ್ದರೆ ಸರದಿ ಇನ್ನೂ ಬಂದಿಲ್ಲ. ನಡುರಾತ್ರಿ ಕರೆಂಟ್ ಹೋಗಿ ಬಂದರೆ ಗುಂಡಿ ಒತ್ತಲು ಅಲ್ಲಿ ಯಾರೂ ಇರುವುದಿಲ್ಲ. ಸರದಿ ನಿಂತಲ್ಲಿಂದ ತಾನೇ ಮುಂದುವರಿಯಬೇಕು.

ನಮಸ್ಕಾರ.