ಪರದೆಯ ಮೇಲೆ ಕಾಣುವುದೆಲ್ಲ ಮೆದುಳಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆಗೆ ಇಇಜಿ ಅನ್ನುತ್ತಾರೆ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಈ ಪರೀಕ್ಷೆ ನಡೆಯುವ ಕೋಣೆಯ ಉಸ್ತುವಾರಿ ನನ್ನದು. ಮೊದಲು ಟೆಕ್ನಿಷಿಯನ್ ಆಗಿದ್ದೆ, ಈಗ ಸೂಪರ್‌ವೈಸರ್. ಹಾಗಂತ ಕುರ್ಚಿಯಲ್ಲಿ ಕೂತು ಸಹಿ ಹಾಕುವ ಕೆಲಸವೇನಲ್ಲ. ಈಗಲೂ ಮನೆಗೆ ಹೋಗುವಾಗ ಉಗುರಿನಲ್ಲಿ, ತಲೆಗೆ ತಂತಿ ಅಂಟಿಸುವ ಪೇಸ್ಟ್ ಇರುತ್ತದೆ.

ನಮ್ಮಲ್ಲಿಗೆ ಬರುವವರ ಮೊದಲ ಪ್ರಶ್ನೆ, "ಶಾಕ್ ಕೊಡ್ತೀರೇನವ್ವಾ?" ಮಂಡ್ಯ ಕಡೆಯ ಅಜ್ಜಂದಿರಾದರೆ ನೇರವಾಗಿ ಕೇಳಿಬಿಡುತ್ತಾರೆ. ಓದಿಕೊಂಡವರು ಬಾಯಿಬಿಟ್ಟು ಕೇಳುವುದಿಲ್ಲ, ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿರುತ್ತಾರೆ. ಇಲ್ಲ, ಶಾಕ್ ಕೊಡುವುದಿಲ್ಲ. ಯಂತ್ರದಿಂದ ತಲೆಗೆ ಕರೆಂಟು ಹೋಗುವುದಿಲ್ಲ, ತಲೆಯಲ್ಲಿ ಇರುವುದನ್ನು ಯಂತ್ರ ಬರೆದುಕೊಳ್ಳುತ್ತದೆ, ಅಷ್ಟೇ. ಎರಡನೇ ಪ್ರಶ್ನೆ, "ಮನಸ್ಸಲ್ಲಿರೋದೆಲ್ಲ ಇದರಲ್ಲಿ ಗೊತ್ತಾಗುತ್ತಾ ಮೇಡಂ?" ಇದನ್ನು ಕೇಳುವವರು ಹೆಚ್ಚಾಗಿ ಗಂಡಸರು, ಅದೂ ಹೆಂಡತಿ ಪಕ್ಕದಲ್ಲಿ ನಿಂತಿರುವಾಗ. ಆರೋಪಿಗಳಿಗೆ ಪೊಲೀಸರು ಮಾಡಿಸುವ ಬ್ರೈನ್ ಮ್ಯಾಪಿಂಗ್ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಹೆದರಿರುತ್ತಾರೆ. ಆ ಪೊಲೀಸ್ ಪರೀಕ್ಷೆಯೇ ಬೇರೆ. ಅದನ್ನೂ ಒಪ್ಪಿಗೆ ಇಲ್ಲದೆ ಯಾರ ಮೇಲೂ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆ ತೀರ್ಪು ಬಂದದ್ದು ನಮ್ಮ ಕರ್ನಾಟಕದ ಮೊಕದ್ದಮೆಯಲ್ಲೇ.

ಆದರೆ ನಗಬೇಡಿ. ಇಇಜಿ ಹುಟ್ಟಿದ್ದೇ ಮನಸ್ಸನ್ನು ಓದುವ ಆಸೆಯಿಂದ. ಜರ್ಮನಿಯಲ್ಲಿ ಹಾನ್ಸ್ ಬರ್ಗರ್ ಅಂತ ಒಬ್ಬರಿದ್ದರು. ಚಿಕ್ಕ ವಯಸ್ಸಿನಲ್ಲಿ ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು ಸಾಯುವುದರಲ್ಲಿದ್ದರು. ಅದೇ ದಿನ ಮನೆಯಲ್ಲಿದ್ದ ಸೋದರಿಗೆ, ಅವನಿಗೇನೋ ಆಗಿದೆ ಎಂದು ತಳಮಳ. ಅಪ್ಪನ ಕೈಲಿ ತಂತಿ ಕೊಡಿಸಿದಳು. ಒಂದು ಮನಸ್ಸಿನಿಂದ ಇನ್ನೊಂದಕ್ಕೆ ಏನೋ ಹರಿದಿರಬೇಕು ಅಂತ ಬರ್ಗರ್ ನಂಬಿದರು. ಡಾಕ್ಟರಾದ ಮೇಲೂ ಅದನ್ನೇ ಹುಡುಕಿದರು. 1924ರಲ್ಲಿ ಯೇನಾ ಊರಿನಲ್ಲಿ ಮನುಷ್ಯರ ಮೆದುಳಿನ ಅಲೆಯನ್ನು ಮೊದಲ ಸಲ ದಾಖಲಿಸಿದರು. ಮನಸ್ಸಿನ ಮಾತೇನೂ ಸಿಗಲಿಲ್ಲ. ಕಣ್ಣು ಮುಚ್ಚಿದಾಗ ಸೆಕೆಂಡಿಗೆ ಸುಮಾರು 10 ಸಲ ಏಳುವ, ಕಣ್ಣು ಬಿಟ್ಟರೆ ಅಡಗುವ ಒಂದು ಅಲೆ ಸಿಕ್ಕಿತು. ಅದಕ್ಕೇ ನಾವು ಆಲ್ಫಾ ಅನ್ನುವುದು. ಅವರಿಗೇ ಅನುಮಾನ, ಪ್ರಕಟಿಸಿದ್ದು 1929ರಲ್ಲಿ. ಆಗಲೂ ಬಹಳ ಜನ ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದೇ ಅಲೆಯನ್ನು ತಾವೂ ಕಂಡು ಹೌದು ಅಂದ ಮೇಲೆ ಲೋಕ ಒಪ್ಪಿತು.

ಅದರ ಮರುವರ್ಷ, 1935ರಲ್ಲಿ, ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದರು. ಅವರು ಎಂಜಿನಿಯರ್ ಅಲ್ಲ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ರೇಡಿಯೋದಲ್ಲಿದ್ದಂಥ ವಾಲ್ವುಗಳೇ ಆ ಕಾಲದಲ್ಲಿ ಮೆದುಳಿನ ಅಲೆಗಳನ್ನು ದೊಡ್ಡದು ಮಾಡಿ ತೋರಿಸುವುದಕ್ಕೂ ಬೇಕಾಗಿದ್ದವು. ಹಾಗಾಗಿ ಈ ವಿಷಯಕ್ಕೂ ಬಾನುಲಿಗೂ ದೂರದ ನೆಂಟಸ್ತಿಕೆ ಇದೆ ಅಂತ ನನ್ನ ಲೆಕ್ಕ.

ಅಲೆ ಎಷ್ಟು ಸಣ್ಣದು ಗೊತ್ತಾ? ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಮೈಕ್ರೋವೋಲ್ಟ್. ತಲೆಯ ಚರ್ಮದ ಮೇಲೆ ನಮಗೆ ಸಿಗುವುದು 10ರಿಂದ 100 ಮೈಕ್ರೋವೋಲ್ಟ್. ಇಸಿಜಿಯ ಹೃದಯದ ಅಲೆ ಇದಕ್ಕಿಂತ ಹತ್ತಾರು ಪಟ್ಟು ದೊಡ್ಡದು. ಸಂಜೆ ಹೊತ್ತಿನ ದೇವರಾಜ ಮಾರುಕಟ್ಟೆಯಲ್ಲಿ ಆ ತುದಿಯವರ ಪಿಸುಮಾತನ್ನು ಈ ತುದಿಯಲ್ಲಿ ನಿಂತು ಕೇಳಿಸಿಕೊಂಡ ಹಾಗೆ ನಮ್ಮ ಕೆಲಸ. ಸುತ್ತಲಿನ ಸದ್ದೆಲ್ಲ ಯಂತ್ರಕ್ಕೆ ಬರುತ್ತದೆ. ತಲೆಗೆ ಅಂಟಿಸುವ ತಂತಿಗಳಿಗೆ ನಾವು ಲೀಡು ಅನ್ನುತ್ತೇವೆ. ರೆಪ್ಪೆ ಬಡಿದರೆ ಹಣೆಯ ಲೀಡುಗಳಲ್ಲಿ ಗುಡ್ಡದಂಥ ಗೆರೆ. ಹಲ್ಲು ಕಚ್ಚಿದರೆ ಕೆನ್ನೆಪಕ್ಕದ ಲೀಡುಗಳೆಲ್ಲ ಕಪ್ಪು. ಏಪ್ರಿಲ್ ಸೆಕೆಯಲ್ಲಿ ಬೆವರಿದರೆ ಗೆರೆಗಳು ನಿಧಾನಕ್ಕೆ ತೂಗಾಡುತ್ತವೆ. ಪಕ್ಕದಲ್ಲಿ ಯಾರೋ ಮೊಬೈಲ್ ಚಾರ್ಜಿಗೆ ಹಾಕಿದರೆ ಸೆಕೆಂಡಿಗೆ 50ರ ಲೆಕ್ಕದಲ್ಲಿ ಕರೆಂಟಿನ ಗೆರೆ ದಪ್ಪಗೆ ಕೂತುಬಿಡುತ್ತದೆ.

ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳಿಗೆ ನಾನು ಮೊದಲು ಕಲಿಸುವುದು ಇದನ್ನೇ: ಪರದೆಯ ಮೇಲೆ ಕಾಣುವುದೆಲ್ಲ ಮೆದುಳಲ್ಲ. ಸ್ಪೈಕ್, ಅಂದರೆ ಫಿಟ್ಸ್ ರೋಗದ ಸುಳಿವು ಕೊಡುವ ಚೂಪು ಗೆರೆ, ಅದನ್ನು ಹುಡುಕುವುದು ಆಮೇಲೆ. ಮೊದಲು ಯಾವುದು ಮೆದುಳಿನಿಂದ ಬಂದದ್ದಲ್ಲ ಅಂತ ಗುರುತಿಸಿ. ಅಮ್ಮ ಮಗುವನ್ನು ಮಲಗಿಸಲು ಬೆನ್ನು ತಟ್ಟುತ್ತಿರುತ್ತಾಳೆ ಅಂದುಕೊಳ್ಳಿ. ಆ ತಟ್ಟು ಪರದೆಯ ಮೇಲೆ ತಾಳಬದ್ಧವಾಗಿ ಮೂಡುತ್ತದೆ, ನೋಡಿದರೆ ಥೇಟ್ ಫಿಟ್ಸ್ ಬಂದಂತೆ. ಪಕ್ಕದಲ್ಲಿ ಕೂತವರು "ತಾಯಿ ಬೆನ್ನು ತಟ್ಟುತ್ತಿದ್ದಾರೆ" ಅಂತ ಅಲ್ಲೇ ಬರೆದರೆ ಮುಗಿಯಿತು. ಬರೆಯದೆ ಹೊರಗೆ ಟೀ ಕುಡಿಯಲು ಹೋದರೆ? ಸಂಜೆ ರಿಪೋರ್ಟ್ ಓದುವ ಡಾಕ್ಟರಿಗೆ ಆ ಅಮ್ಮನ ಕೈ ಕಾಣುವುದಿಲ್ಲ, ಗೆರೆ ಮಾತ್ರ ಕಾಣುತ್ತದೆ. ತಪ್ಪಾಗಿ ಓದಿದ ಒಂದು ಗೆರೆಯಿಂದ ಆ ಮಗು ವರ್ಷಗಟ್ಟಲೆ ಮಾತ್ರೆ ನುಂಗಬೇಕಾಗಬಹುದು. ಕೆಟ್ಟ ರೆಕಾರ್ಡಿಂಗಿಗಿಂತ ಇಇಜಿ ಮಾಡದೇ ಇರುವುದೇ ಮೇಲು ಅಂತ ನಾನು ಹೇಳುವುದು ಇದಕ್ಕೇ. ಕೆಲವು ಕಡೆ ಲಕ್ಷಗಟ್ಟಲೆ ಸುರಿದು ಯಂತ್ರ ತರುತ್ತಾರೆ, ಅದರ ಮುಂದೆ ಕೂರಲು ತರಬೇತಿ ಇಲ್ಲದ ಹುಡುಗನನ್ನು ಹಾಕುತ್ತಾರೆ. ಅವನ ತಪ್ಪೇನಿದೆ, ಪಾಪ? ನಿಮ್ಹಾನ್ಸ್‌ನಂಥ ಕಡೆ ಈ ಕೆಲಸಕ್ಕೇ ಬೇರೆ ಓದು ಇದೆ ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ.

ಲೀಡು ಅಂಟಿಸುವುದೂ ಸುಮ್ನೆ ಕಣ್ಣಂದಾಜಿನ ಕೆಲಸವಲ್ಲ. ಟೇಪು ಹಿಡಿದು ಅಳೆಯಬೇಕು. ಎರಡು ಕಣ್ಣಿನ ನಡುವೆ ಮೂಗು ಶುರುವಾಗುವ ತಗ್ಗಿನಿಂದ ತಲೆಯ ಹಿಂದಿನ ಉಬ್ಬಿನವರೆಗೆ ಒಂದು ಅಳತೆ, ಒಂದು ಕಿವಿಯ ಮುಂದಿನಿಂದ ಇನ್ನೊಂದು ಕಿವಿಯ ಮುಂದಿನವರೆಗೆ ಇನ್ನೊಂದು. ಆ ಅಳತೆಯಲ್ಲಿ ಶೇಕಡಾ 10, ಶೇಕಡಾ 20ರ ದೂರಕ್ಕೆ ಗುರುತು. ಹರ್ಬರ್ಟ್ ಜ್ಯಾಸ್ಪರ್ 1958ರಲ್ಲಿ ಪ್ರಕಟಿಸಿದ ಈ ಕ್ರಮವೇ ಇವತ್ತಿಗೂ ಲೋಕವೆಲ್ಲ ನಡೆಯುವುದು. ಎಡಕ್ಕೆ ಬೆಸ ಸಂಖ್ಯೆ, ಬಲಕ್ಕೆ ಸಮ. ಕಿವಿಯದ್ದೂ ಸೇರಿ 21 ಲೀಡು. ಒಂದು ಕಡೆ ಎರಡು ಲೀಡು ಹತ್ತಿರ ಹತ್ತಿರ ಬಿದ್ದರೆ ಆ ಕಡೆಯ ಅಲೆ ಸಣ್ಣದಾಗಿ ಕಾಣುತ್ತದೆ. ಆ ಭಾಗದಲ್ಲಿ ಏನೋ ತೊಂದರೆ ಇರಬಹುದು ಅಂತ ಡಾಕ್ಟರಿಗೆ ಅನುಮಾನ ಬರುತ್ತದೆ. ತೊಂದರೆ ಇದ್ದದ್ದು ಟೇಪು ಹಿಡಿದ ಕೈಯಲ್ಲಿ.

ಇನ್ನು ಎಣ್ಣೆ. ಮುಂಚೆಯೇ ಹೇಳಿ ಕಳಿಸಿದ್ದರೂ ಹರಳೆಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದು, ಮಲ್ಲಿಗೆ ಮುಡಿಸಿ ಕರೆದುಕೊಂಡು ಬರುತ್ತಾರೆ. ಆಸ್ಪತ್ರೆಗೆ ಹೋಗುವ ಮಗಳು ಲಕ್ಷಣವಾಗಿ ಕಾಣಲಿ ಅಂತ ಅಮ್ಮನಿಗೆ ಆಸೆ. ಎಣ್ಣೆ ಇದ್ದರೆ ಪೇಸ್ಟ್ ಹಿಡಿಯುವುದಿಲ್ಲ, ಗೆರೆ ಸರಿ ಬರುವುದಿಲ್ಲ. ಜಡೆ ಬಿಚ್ಚಿ, ಕೂದಲು ಬಿಡಿಸಿ, ಒಂದೊಂದು ಜಾಗವನ್ನೂ ಉಜ್ಜಿ ಒರೆಸುವಷ್ಟರಲ್ಲಿ ನಮ್ಮ ಹುಡುಗಿಯರ ಬೆನ್ನು ಬಿದ್ದುಹೋಗಿರುತ್ತದೆ.

ನಿದ್ದೆಯ ಕಥೆ ಇನ್ನೊಂದು. ನಿದ್ದೆಗೆಟ್ಟಾಗ, ನಿದ್ದೆಗೆ ಜಾರುವಾಗ ಮೂರ್ಛೆಯ, ಅಂದರೆ ಫಿಟ್ಸ್ ರೋಗದ, ಸುಳಿವು ಸಿಗುವುದು ಜಾಸ್ತಿ. ಅದಕ್ಕೇ ಕೆಲವರಿಗೆ ರಾತ್ರಿ ಮಲಗಬೇಡಿ ಅಂತ ಡಾಕ್ಟರು ಹೇಳುತ್ತಾರೆ. ಮನೆಯವರೆಲ್ಲ ಸರದಿ ಮೇಲೆ ಕೂತು ಹುಡುಗನನ್ನು ಬೆಳಗಿನವರೆಗೆ ಎಬ್ಬಿಸಿರುತ್ತಾರೆ. ಆಮೇಲೆ ಮಳವಳ್ಳಿಯಲ್ಲಿ ಬಸ್ ಹತ್ತುತ್ತಾನೆ, ಕಿಟಕಿಗೆ ತಲೆ ಆನಿಸುತ್ತಾನೆ, ಮೈಸೂರಿನಲ್ಲಿ ಕಂಡಕ್ಟರ್ ಎಬ್ಬಿಸುತ್ತಾನೆ. ನಮ್ಮ ಮಂಚದ ಮೇಲೆ ಮಲಗಿಸಿದರೆ ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ಫ್ಯಾನು ನೋಡುತ್ತಾನೆ! ಇಡೀ ಮನೆ ಪಟ್ಟ ಕಷ್ಟ ನೀರಿಗೆ ಹೋಯಿತು, ಅಲ್ವಾ? ದಯವಿಟ್ಟು ಬಸ್ಸಿನಲ್ಲೂ ಮಾತಾಡಿಸುತ್ತಾ ಬನ್ನಿ.

ಪರೀಕ್ಷೆಯ ನಡುವೆ ಮೂರು ನಿಮಿಷ ಜೋರಾಗಿ ಉಸಿರಾಡಿಸುತ್ತೇವೆ. ಹೃದಯದ ತೊಂದರೆ ಇದ್ದವರಿಗೆ, ಹೊಸದಾಗಿ ಪಾರ್ಶ್ವವಾಯು ಆದವರಿಗೆ ಇದನ್ನು ಮಾಡಿಸುವುದಿಲ್ಲ. ಮಕ್ಕಳಿಗೆ ಕಾಗದದ ಗಿರಗಿಟ್ಲೆ ಕೊಟ್ಟು ಊದು ಅನ್ನುತ್ತೇವೆ. ಕೆಲವು ಮಕ್ಕಳು ಶಾಲೆಯಲ್ಲಿ ಇದ್ದಕ್ಕಿದ್ದಂತೆ ಕೆಲವು ಸೆಕೆಂಡು ಸುಮ್ಮನಾಗಿಬಿಡುತ್ತಾರೆ. ಬೀಳುವುದಿಲ್ಲ, ನಡುಗುವುದಿಲ್ಲ. ಮೇಷ್ಟ್ರು "ಎಲ್ಲೋ ಇದೆ ನಿನ್ನ ಗ್ಯಾನ" ಅಂತ ಗದರುತ್ತಾರೆ. ಅಂಥ ಮಗು ಗಿರಗಿಟ್ಲೆ ಊದುತ್ತಾ ಊದುತ್ತಾ ನಿಂತುಬಿಡುತ್ತದೆ. ಅದೇ ಕ್ಷಣಕ್ಕೆ ಪರದೆಯ ಉದ್ದಕ್ಕೂ ಸೆಕೆಂಡಿಗೆ ಮೂರರಂತೆ ಸ್ಪೈಕ್ ಮತ್ತು ಅಲೆ ಸಾಲುಗಟ್ಟುತ್ತವೆ. ಬಾಸ್ಟನ್ನಿನ ಗಿಬ್ಸ್, ಡೇವಿಸ್, ಲೆನಾಕ್ಸ್ 1935ರಲ್ಲೇ ಇದನ್ನು ಗುರುತಿಸಿ ಬರೆದಿದ್ದಾರೆ. ಆಗ ನಾವು ಮೆತ್ತಗೆ ಒಂದು ಮಾತು ಹೇಳುತ್ತೇವೆ, "ಆನೆ" ಅಂತ. ಅಲೆ ನಿಂತ ಮೇಲೆ "ನಾನೇನಂದೆ ಪುಟ್ಟಾ?" ಅಂತ ಕೇಳುತ್ತೇವೆ. ಮಗುವಿಗೆ ಗೊತ್ತೇ ಇರುವುದಿಲ್ಲ. ಆ ಹೊತ್ತು ಅದಕ್ಕೆ ಪ್ರಜ್ಞೆ ಇರಲಿಲ್ಲ ಅನ್ನುವುದಕ್ಕೆ ಡಾಕ್ಟರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಈ ಪ್ರಶ್ನೆ ಕೇಳುವುದು ಯಂತ್ರಕ್ಕೆ ಬರುವುದಿಲ್ಲ.

ಒಂದು ಮಾತು ಒತ್ತಿ ಹೇಳಬೇಕು. ಇಇಜಿ ನಾರ್ಮಲ್ ಬಂತು ಅಂದರೆ ಮೂರ್ಛೆ ಇಲ್ಲ ಅಂತ ಅರ್ಥವಲ್ಲ. ಮೂರ್ಛೆ ಇರುವವರಲ್ಲೂ ಮೊದಲ ಸಲದ ಪರೀಕ್ಷೆಯಲ್ಲಿ ಸುಳಿವು ಸಿಗುವುದು ಅರ್ಧದಷ್ಟು ಜನರಲ್ಲಿ, ಒಮ್ಮೊಮ್ಮೆ ಅದಕ್ಕೂ ಕಡಿಮೆ. ನಮ್ಮ ಸೀಮೆಯಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಬಿಸಿನೀರಿನ ಮೂರ್ಛೆ. ಹಂಡೆಯ ಸುಡುನೀರನ್ನು ಚೊಂಬಿನಲ್ಲಿ ತಲೆಗೆ ಒಂದೇ ಸಮನೆ ಸುರಿದುಕೊಳ್ಳುವಾಗ ಕೆಲವರಿಗೆ ಫಿಟ್ಸ್ ಬರುತ್ತದೆ. ಬೇರೆ ಹೊತ್ತಿನಲ್ಲಿ ಏನೂ ಇಲ್ಲ. ಇದು ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ ಜಾಸ್ತಿ. ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಅವರ ಜೊತೆಯವರು 1968ರಲ್ಲೇ ಇದರ ಬಗ್ಗೆ ಬರೆದರು. ಮುಂದೆ ಯಳಂದೂರಿನ ಹಳ್ಳಿಗಳಲ್ಲಿ ಮೂರ್ಛೆ ರೋಗದ ಚಿಕಿತ್ಸೆಗೆಂದು ಕೆಲಸ ಮಾಡಿದವರೂ ಅವರೇ. ಇಂಥವರಿಗೆ ನಮ್ಮ ಕೋಣೆಯಲ್ಲಿ, ಒಣ ತಲೆಯಲ್ಲಿ, ಫ್ಯಾನಿನ ಕೆಳಗೆ ಇಇಜಿ ಮಾಡಿದರೆ ಹೆಚ್ಚಿನವರಿಗೆ ನಾರ್ಮಲ್ಲೇ ಬರುತ್ತದೆ. ಹಾಗಾಗಿ ನಮ್ಮ ಫಾರಂನಲ್ಲಿ "ಯಾವಾಗ ಬಂತು, ಎಲ್ಲಿದ್ದಾಗ ಬಂತು" ಅನ್ನುವ ಜಾಗ ಖಾಲಿ ಇದ್ದರೆ ನಾನು ವಾಪಸ್ ಕಳಿಸುತ್ತೇನೆ. ಬಚ್ಚಲಲ್ಲಿ ಬಂತು ಅನ್ನುವ ಒಂದು ಮಾತು ಎಷ್ಟೋ ಸಲ ಇಡೀ ರೆಕಾರ್ಡಿಂಗಿಗಿಂತ ಜಾಸ್ತಿ ಹೇಳುತ್ತದೆ. ಇವರಿಗೆ ನೀರಿನ ಬಿಸಿ ಕಡಿಮೆ ಮಾಡಿದರೇ ಬಹಳ ವ್ಯತ್ಯಾಸವಾಗುತ್ತದೆ, ಕೆಲವರಿಗೆ ಡಾಕ್ಟರು ಮಾತ್ರೆಯನ್ನೂ ಕೊಡುತ್ತಾರೆ.

ನಮ್ಮ ಕೆಲಸದಲ್ಲಿ ಕಷ್ಟದ್ದು ಯಾವುದು ಅಂದರೆ ಮುಖ. ಮನೆಯವರು ಪರದೆ ನೋಡುವುದಿಲ್ಲ, ನಮ್ಮ ಮುಖ ನೋಡುತ್ತಿರುತ್ತಾರೆ. ಹುಬ್ಬು ಒಂಚೂರು ಏರಿದರೆ ಸಾಕು, ತಾಯಿ ಅಳಲು ಶುರು ಮಾಡುತ್ತಾರೆ. ಫಲಿತಾಂಶ ಹೇಳುವ ಅಧಿಕಾರ ನಮಗಿಲ್ಲ, ಅದು ಡಾಕ್ಟರ ಕೆಲಸ. "ನೀವಾದ್ರೂ ಹೇಳಿ ಅಕ್ಕಾ, ಹುಡುಗಿ ಮದುವೆ ಗೊತ್ತಾಗಿದೆ" ಅಂತ ಕೈ ಹಿಡಿಯುತ್ತಾರೆ. ರೋಗದ ಬಗ್ಗೆ ನಾನು ಏನೂ ಹೇಳುವುದಿಲ್ಲ, ಕಾನೂನಿನ ಬಗ್ಗೆ ಹೇಳುತ್ತೇನೆ. ಮೂರ್ಛೆ ಇದ್ದರೆ ಮದುವೆಗೆ ಅಡ್ಡಿ ಅನ್ನುವ ಮಾತು ಹಿಂದೂ ವಿವಾಹ ಕಾಯ್ದೆಯಲ್ಲಿ ಇತ್ತು, 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಊರಿನ ಬಾಯಿಗೆ ಆ ತಿದ್ದುಪಡಿ ಇನ್ನೂ ತಲುಪಿಲ್ಲ, ಏನು ಮಾಡುವುದು?

ಎಳೆಯ ಮಕ್ಕಳ ಕಿವಿ ಪರೀಕ್ಷೆಗೂ ಇದೇ ಅಲೆಗಳು ಬೇಕು. ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಬಗ್ಗೆ ಕೇಳಿರುತ್ತೀರಿ. ಮಾತು ಬಾರದ ಕೂಸಿಗೆ "ಕೇಳಿಸ್ತಾ?" ಅಂತ ಕೇಳುವುದು ಹೇಗೆ? ಕಿವಿಯಲ್ಲಿ ಟಿಕ್ ಟಿಕ್ ಸದ್ದು ಮಾಡಿ ಮೆದುಳಿನ ಬುಡ ಉತ್ತರ ಕೊಡುತ್ತದೆಯೇ ಅಂತ ನೋಡುತ್ತಾರೆ. ಅದಕ್ಕೆ ಬೆರಾ ಟೆಸ್ಟ್ ಅನ್ನುತ್ತಾರೆ. ಉತ್ತರ ಒಂದು ಮೈಕ್ರೋವೋಲ್ಟಿಗಿಂತ ಸಣ್ಣದು. ಸಾವಿರಾರು ಸಲ ಸದ್ದು ಮಾಡಿ ಸರಾಸರಿ ತೆಗೆದರೆ ಮಾತ್ರ ಕಾಣುತ್ತದೆ. ಕೂಸು ಮಲಗಿರಬೇಕು, ಹಾಗಾಗಿ ಅಲ್ಲೂ ತಾಯಿಯ ಜೋಗುಳವೇ ಮೊದಲ ಉಪಕರಣ.

ಕೊನೆಗೆ, ನಿಮ್ಮ ಮನೆಯಲ್ಲಿ ಯಾರಾದರೂ ಈ ಪರೀಕ್ಷೆಗೆ ಹೋಗುವುದಿದ್ದರೆ: ಹಿಂದಿನ ದಿನ ತಲೆ ತೊಳೆಯಿರಿ, ಎಣ್ಣೆ ಬೇಡ, ಹೂವೂ ಬೇಡ. ಹೊಟ್ಟೆ ತುಂಬ ತಿಂದು ಬನ್ನಿ, ಇದಕ್ಕೆ ಉಪವಾಸ ಬೇಕಿಲ್ಲ. ಡಾಕ್ಟರು ಹೇಳದೆ ಮಾತ್ರೆ ನಿಲ್ಲಿಸಬೇಡಿ. ಫಿಟ್ಸ್ ಬಂದಾಗ ಕಣ್ಣಾರೆ ನೋಡಿದವರು ಜೊತೆಯಲ್ಲಿ ಬಂದರೆ ನಮಗೆ ಬಹಳ ಅನುಕೂಲ. ಅವತ್ತು ಮೊಬೈಲಿನಲ್ಲಿ ವಿಡಿಯೋ ಮಾಡಿದ್ದರೆ ಇನ್ನೂ ಒಳ್ಳೆಯದು. ಆದರೆ ಮೊದಲು ಅವರನ್ನು ಮಗ್ಗುಲಾಗಿ ಮಲಗಿಸಿ. ಕೈಗೆ ಬೀಗದ ಕೈ, ಮೂಗಿಗೆ ಈರುಳ್ಳಿ, ಬಾಯಿಗೆ ಚಮಚ, ಯಾವುದೂ ಬೇಡ. ಆಮೇಲೆ ಒಬ್ಬರು ಇಡೀ ಮೈ ಕಾಣುವ ಹಾಗೆ ಮೊಬೈಲ್ ಹಿಡಿದು, ಹೆಸರು ಕೂಗಿ ಮಾತಾಡಿಸುತ್ತಿರಿ. ಐದು ನಿಮಿಷವಾದರೂ ನಿಲ್ಲದಿದ್ದರೆ ವಿಡಿಯೋ ಬಿಟ್ಟು 108ಕ್ಕೆ ಫೋನ್ ಮಾಡಿ.

ನಮಸ್ಕಾರ.