ಯಾವುದರ ಜೊತೆ ಹೋಲಿಸಿದಿರಿ?

ವೇದಿಕೆಯ ಹಿರಿಯರೇ, ಅಧ್ಯಾಪಕ ಮಿತ್ರರೇ, ಸಂಶೋಧನೆಗೆ ಈಗಷ್ಟೇ ಹೆಸರು ಕೊಟ್ಟಿರುವ ವಿದ್ಯಾರ್ಥಿಗಳೇ,

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಮಾತಿಗೆ ‘ಶಿಕ್ಷಣ, ವೈದ್ಯಕೀಯ ಮತ್ತು ವಿಜ್ಞಾನಗಳಲ್ಲಿ ಸಂಶೋಧನೆ’ ಅಂತ ದೊಡ್ಡ ಹೆಸರು ಹಾಕಿದ್ದಾರೆ. ಮೂರು ಲೋಕ, ಮುಕ್ಕಾಲು ಗಂಟೆ. ಪ್ರಾರ್ಥನೆ, ಸ್ವಾಗತ, ಹಾರ ತುರಾಯಿ ಮುಗಿಯುವಾಗ ಅದರಲ್ಲೂ ಕಾಲು ಗಂಟೆ ಹೋಯಿತು. ಹಾಗಾಗಿ ಒಂದೇ ಪ್ರಶ್ನೆ ಹಿಡಿದುಕೊಂಡು ಬಂದಿದ್ದೇನೆ. ಯಾರಾದರೂ ‘ಇದರಿಂದಲೇ ಹೀಗಾಯಿತು’ ಅಂದ ಕೂಡಲೇ ಕೇಳಬೇಕಾದ ಪ್ರಶ್ನೆ: ಯಾವುದರ ಜೊತೆ ಹೋಲಿಸಿದಿರಿ?

ನನಗೆ ಇದರ ಹುಚ್ಚು ಹಿಡಿಸಿದ್ದು ಅಡಿಕೆ ತೋಟ. ಇಲ್ಲಿ ಕೂತವರಲ್ಲಿ ಅರ್ಧ ಜನರ ಮನೆಯಲ್ಲಿ ಮಳೆಗಾಲಕ್ಕೆ ಮೊದಲು ಮದ್ದು ಬಿಡುವ ಗಡಿಬಿಡಿ ಇರುತ್ತದೆ ಅಲ್ವಾ? ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕೊಳೆರೋಗಕ್ಕೆ ನಾವು ಇಷ್ಟು ವರ್ಷ ನಂಬಿಕೊಂಡು ಬಂದ ಬೋರ್ಡೋ ದ್ರಾವಣ. ಇದು ಹುಟ್ಟಿದ್ದು ಪ್ರಯೋಗಶಾಲೆಯಲ್ಲಿ ಅಲ್ಲ, ದ್ರಾಕ್ಷಿ ಕಳ್ಳರ ಕಾಟದಿಂದ.

ಫ್ರಾನ್ಸಿನ ಬೋರ್ಡೋ ಸೀಮೆ, 1882. ಅಮೆರಿಕದಿಂದ ಬಂದ ಬೂಷ್ಟು ರೋಗ ದ್ರಾಕ್ಷಿ ತೋಟಗಳನ್ನು ತಿಂದು ಹಾಕುತ್ತಿತ್ತು. ಮಿಲಾರ್ಡೆ ಅಂತ ಒಬ್ಬ ಸಸ್ಯಶಾಸ್ತ್ರದ ಪ್ರೊಫೆಸರ್ ತೋಟದ ಪಕ್ಕ ನಡೆದು ಹೋಗುತ್ತಿದ್ದ. ಒಳಗಿನ ಬಳ್ಳಿಗಳ ಎಲೆ ಎಲ್ಲ ಉದುರಿ ಹೋಗಿದೆ. ರಸ್ತೆ ಬದಿಯ ಸಾಲುಗಳಲ್ಲಿ ಮಾತ್ರ ಎಲೆ ಇದೆ. ಆತ ತೋಟದವರನ್ನು ಕೇಳಿದ. ಅವರೆಂದರು, ‘ದಾರಿಹೋಕರು ಹಣ್ಣು ಕೀಳುತ್ತಾರೆ ಸ್ವಾಮಿ. ಅದಕ್ಕೆ ರಸ್ತೆ ಬದಿಯ ಬಳ್ಳಿಗೆ ಸುಣ್ಣ, ಮೈಲುತುತ್ತು ಕಲಸಿ ಎರಚುತ್ತೇವೆ. ನೀಲಿ ಬಣ್ಣ ನೋಡಿ ವಿಷ ಅಂತ ಹೆದರುತ್ತಾರೆ.’ ಕಳ್ಳರು ಹೆದರಿದರೋ ಇಲ್ಲವೋ, ಬೂಷ್ಟಂತೂ ಹೆದರಿತ್ತು!

ಈಗ ಯೋಚಿಸಿ. ಆ ರೈತರು ಕಳ್ಳರ ಭಯಕ್ಕೆ ಇಡೀ ತೋಟಕ್ಕೆ ಎರಚಿದ್ದರೆ ಮಿಲಾರ್ಡೆಗೆ ಏನು ಕಾಣುತ್ತಿತ್ತು? ಒಂದು ಹಸಿರು ತೋಟ. ‘ಈ ವರ್ಷ ಇಲ್ಲಿ ರೋಗ ಬರಲಿಲ್ಲ’ ಅಂತ ಮುಂದೆ ಹೋಗುತ್ತಿದ್ದ. ಎರಚದ ಬಳ್ಳಿ ಪಕ್ಕದಲ್ಲೇ ಇದ್ದದ್ದರಿಂದ ಎರಚಿದ್ದು ಕಣ್ಣಿಗೆ ಬಿತ್ತು. ಆಮೇಲೆ ಆತ ಸುಮ್ಮನೆ ಕೂರಲಿಲ್ಲ. ಬೇಕೆಂದೇ ಮದ್ದು ಬಿಟ್ಟ ಬಳ್ಳಿ, ಬಿಡದ ಬಳ್ಳಿ ಅಂತ ಮಾಡಿ ನೋಡಿ, 1885ರಲ್ಲಿ ಪ್ರಕಟಿಸಿದ. ಸುಮಾರು ಇಪ್ಪತ್ತೈದು ವರ್ಷ ಕಳೆದು ಅದೇ ದ್ರಾವಣವನ್ನು ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಕೋಲ್ಮನ್ ಸಾಹೇಬರು ಅಡಿಕೆಯ ಕೊಳೆರೋಗಕ್ಕೆ ಒಗ್ಗಿಸಿದರು.

ಈ ಕಥೆಯನ್ನು ಪೆರ್ಲದ ಹತ್ತಿರ ಇರುವ ನನ್ನ ಮಾವನಿಗೂ ಹೇಳಿದ್ದೆ. ಅವರು ಮದ್ದು ಅಂಟಿಕೊಂಡು ನಿಲ್ಲಲಿ ಅಂತ ಅಂಗಡಿಯವನು ಕೊಟ್ಟ ಯಾವುದೋ ಹೊಸ ಅಂಟನ್ನು ಅದಕ್ಕೆ ಬೆರೆಸಿದ್ದರು. ‘ಈ ಸಲ ಒಂದು ಅಡಿಕೆ ಉದುರಲಿಲ್ಲ ಮಾರಾಯ, ಅಂಟು ಬಾರೀ ಲಾಯ್ಕ’ ಅಂದರು. ನಾನು ಕೇಳಿದೆ, ‘ಅಂಟು ಹಾಕದ ಮರ ಯಾವುದು ಮಾವ?’ ‘ಎಲ್ಲದಕ್ಕೂ ಹಾಕಿದೆ.’ ‘ಹಾಗಾದರೆ ಈ ಸಲ ಮಳೆ ಕಮ್ಮಿ ಇದ್ದದ್ದಕ್ಕೇ ರೋಗ ಬರಲಿಲ್ಲವೋ ಏನೋ?’ ಮಾವ ಕವಳ ಉಗಿದು ಬಂದು ಹೇಳಿದರು, ‘ನಿನ್ನ ಪಿಎಚ್‌ಡಿಗೆ ನಾನು ಅರ್ಧ ತೋಟ ಕೊಳೆಸಬೇಕಾ?’

ನೀವು ನಗುತ್ತೀರಿ. ಆದರೆ ಮಾವ ಕೇಳಿದ್ದು ವೈದ್ಯಕೀಯ ಸಂಶೋಧನೆಯ ಅತಿ ಕಷ್ಟದ ಪ್ರಶ್ನೆ. ಮದ್ದು ಇದೆ ಅಂತ ಗೊತ್ತಿದ್ದೂ ಅರ್ಧ ಜನರಿಗೆ ಕೊಡದೆ ಇರಬಹುದೇ? ಕೊಡದೆ ಇರಬಾರದು. ಅದಕ್ಕೇ ಹೊಸ ಔಷಧಿಯನ್ನು ಈಗಾಗಲೇ ಇರುವ ಒಳ್ಳೆಯ ಔಷಧಿಯ ಜೊತೆ ಹೋಲಿಸುತ್ತಾರೆ. ಮಾವನಿಗೂ ಅದನ್ನೇ ಹೇಳಿದೆ: ಒಂದು ಮೂಲೆಯ ಮರಗಳಿಗೆ ಹಳೆಯ ಮದ್ದೇ ಇರಲಿ, ಅಂಟು ಮಾತ್ರ ಬೇಡ. ಒಪ್ಪಿದರು. ಫಲಿತಾಂಶ ಏನಾಯಿತು ಅಂತ ಕೇಳಬೇಡಿ, ಕೊಯ್ಲಿನವರು ಬಂದು ಎರಡು ಮೂಲೆಯ ಅಡಿಕೆಯನ್ನೂ ಒಂದೇ ರಾಶಿ ಹಾಕಿದರು.

ಈಗ ನಗು ಬಿಟ್ಟು ನಮ್ಮ ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮಕ್ಕೆ ಬರೋಣ. ಹಿನ್ನೆಲೆ ನಿಮಗೆ ಗೊತ್ತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಸಿಂಪಡಣೆ, ಇಪ್ಪತ್ತಕ್ಕೂ ಜಾಸ್ತಿ ವರ್ಷ. ಅಲ್ಲಿಯ ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡುತ್ತಾ, ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಇಂಥ ಕಾಯಿಲೆ ಯಾಕೆ ಅಂತ ಕೇಳಿದರು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ದೊಡ್ಡ ಸಂಶೋಧನೆ ಅದೇ. ‘ಯಾಕೆ ಇಲ್ಲಿ’ ಅಂತ ಕೇಳುವವನ ಮನಸ್ಸಿನಲ್ಲಿ ‘ಬೇರೆ ಕಡೆ ಹೀಗಿಲ್ಲ’ ಅನ್ನುವ ಹೋಲಿಕೆ ಆಗಲೇ ನಡೆದಿರುತ್ತದೆ.

ಆದರೆ ಸಿಂಪಡಣೆಯನ್ನು ಸಮರ್ಥಿಸುವವರ ಉತ್ತರ ಸಿದ್ಧವಾಗಿತ್ತು. ಕಾಯಿಲೆ ಎಲ್ಲ ಊರಲ್ಲೂ ಇದೆ, ಬುದ್ಧಿಮಾಂದ್ಯ ಮಕ್ಕಳು ಎಲ್ಲ ಕಡೆ ಹುಟ್ಟುತ್ತಾರೆ, ಅಂದರು. ಪಡ್ರೆಯ ರೋಗಿಗಳನ್ನು ಮಾತ್ರ ಎಷ್ಟು ಎಣಿಸಿದರೂ ಈ ಮಾತಿಗೆ ಉತ್ತರ ಸಿಗುವುದಿಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದಾಗ ಮಾಡಿದ್ದು ಬೇರೆ ಊರಿನ ಜೊತೆ ಹೋಲಿಕೆ. ತೋಟದ ಬುಡದ ಊರಿನ ಶಾಲೆಯ 117 ಹುಡುಗರು ಒಂದು ಕಡೆ. ಸಿಂಪಡಣೆ ಆಗದ, ಉಳಿದಂತೆ ಇದೇ ತರದ ಊರಿನ 90 ಹುಡುಗರು ಇನ್ನೊಂದು ಕಡೆ. ವಯಸ್ಸು 10ರಿಂದ 19. ಸಿಂಪಡಣೆಯ ಊರಿನವರ ರಕ್ತದಲ್ಲಿ ಎಂಡೋಸಲ್ಫಾನ್ ಎಷ್ಟೋ ಪಟ್ಟು ಜಾಸ್ತಿ ಇತ್ತು. ಅದೇ ವಯಸ್ಸಿನ ಆಚೆ ಊರಿನ ಹುಡುಗರಿಗಿಂತ ಇವರು ಪ್ರಾಯಕ್ಕೆ ಬರುವುದು ನಿಧಾನ ಆಗಿತ್ತು. 2003ರಲ್ಲಿ ಇದು ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು.

ಮಾದರಿ ಚಿಕ್ಕದು, ಕೆಲವು ಹುಡುಗರು ಪರೀಕ್ಷೆಗೆ ಒಪ್ಪಲಿಲ್ಲ ಅಂತ ಅವರೇ ಅದರಲ್ಲಿ ಬರೆದುಕೊಂಡಿದ್ದಾರೆ. ಇದನ್ನು ಹೇಳಿದಾಗ ನಮ್ಮಲ್ಲಿ ಕೆಲವರಿಗೆ ಬೇಜಾರಾಗುತ್ತದೆ, ‘ನೀವು ಕಂಪೆನಿಯವರ ಕಡೆಯಾ’ ಅಂತ ಕೇಳುತ್ತಾರೆ. ಅಲ್ಲ. ತನ್ನ ಹೋಲಿಕೆ ಎಲ್ಲಿ ಕುಂಟುತ್ತದೆ ಅಂತ ಬರೆದುಕೊಂಡ ಸಂಶೋಧನೆಯನ್ನೇ ನಾನು ಜಾಸ್ತಿ ನಂಬುತ್ತೇನೆ. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನ್ ಮೇಲೆ ನಿಷೇಧ ಹೇರಿತು, ಅದೇ ವರ್ಷ ಅದು ಬಹುಕಾಲ ಉಳಿಯುವ ವಿಷ ರಾಸಾಯನಿಕಗಳನ್ನು ತಡೆಯುವ ಅಂತಾರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಸೇರಿತು. ಅಷ್ಟು ದೂರ ಹೋಗಲು ಬರೀ ಕಣ್ಣೀರು ಸಾಕಾಗುತ್ತಿರಲಿಲ್ಲ. ಕಣ್ಣೀರು ಇರಲಿಲ್ಲ ಅಂತ ಅಲ್ಲ.

ಅಧ್ಯಕ್ಷರು ಚೀಟಿ ಕೊಟ್ಟಿದ್ದಾರೆ. ಐದು ನಿಮಿಷ ಅಂತೆ. ಶಿಕ್ಷಣ ಇನ್ನೂ ಶುರುವೇ ಆಗಿಲ್ಲ. ತೆಂಗಿನ ವಿಷಯ ಪೂರ್ತಿ ಬಿಡುತ್ತೇನೆ. ಎತ್ತರದ ತಳಿ, ಗಿಡ್ಡ ತಳಿ ಕೂಡಿಸಿದ ಮೊದಲ ಮಿಶ್ರ ತಳಿ ನಮ್ಮ ನೀಲೇಶ್ವರದಲ್ಲೇ ಆದದ್ದು, ಅದನ್ನು ಮನೆಗೆ ಹೋಗಿ ಓದಿ.

ಶಿಕ್ಷಣದಲ್ಲಿ ನಾನು ನೋಡಿದ ಎಷ್ಟೋ ಪ್ರಬಂಧಗಳ ಕಥೆ ಒಂದೇ. ಹೊಸ ವಿಧಾನದಲ್ಲಿ ಮೂರು ತಿಂಗಳು ಪಾಠ ಮಾಡಿದೆ, ಮಕ್ಕಳ ಅಂಕ ಏರಿತು. ಅರೇ, ಹಳೆಯ ವಿಧಾನದಲ್ಲಿ ಮೂರು ತಿಂಗಳು ಪಾಠ ಮಾಡಿದರೆ ಏರುತ್ತಿರಲಿಲ್ಲವೇ? ಯಾವುದರ ಜೊತೆ ಹೋಲಿಸಿದಿರಿ? ಅಮೆರಿಕದ ಟೆನೆಸ್ಸಿಯಲ್ಲಿ 1985ರಿಂದ ನಾಲ್ಕು ವರ್ಷ, ತರಗತಿಯಲ್ಲಿ ಮಕ್ಕಳು ಕಮ್ಮಿ ಇದ್ದರೆ ಕಲಿಕೆ ಚೆನ್ನಾಗುತ್ತದೆಯೇ ಅಂತ ನೋಡಿದರು. 79 ಶಾಲೆ, ಹನ್ನೊಂದು ಸಾವಿರಕ್ಕಿಂತ ಜಾಸ್ತಿ ಮಕ್ಕಳು. ಯಾವ ಮಗು 13ರಿಂದ 17 ಮಕ್ಕಳ ತರಗತಿಗೆ, ಯಾವ ಮಗು 22ರಿಂದ 25ರದ್ದಕ್ಕೆ ಅನ್ನುವುದನ್ನು ಹೆಡ್‌ಮಾಸ್ಟರೂ ತೀರ್ಮಾನಿಸಲಿಲ್ಲ, ಅಪ್ಪ ಅಮ್ಮನೂ ತೀರ್ಮಾನಿಸಲಿಲ್ಲ. ಚೀಟಿ ಎತ್ತಿದ ಹಾಗೆ ಹಂಚಿದರು. ಚಿಕ್ಕ ತರಗತಿಯವರು ಮುಂದಿದ್ದರು.

ಇಲ್ಲಿ ಕನ್ನಡ ಮಾಧ್ಯಮದ ಮೇಲೆ ಕೆಲಸ ಮಾಡುವವರು ಇದ್ದೀರಿ, ಗೊತ್ತು. ಕನ್ನಡ, ಮಲಯಾಳ ಎರಡೂ ಡಿವಿಜನ್ ಇರುವ ಶಾಲೆ ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಒಂದೇ ಕಟ್ಟಡ, ಒಂದೇ ಬಿಸಿಯೂಟ. ಇಷ್ಟು ಒಳ್ಳೆಯ ಅವಕಾಶ ಬೆಂಗಳೂರಿನವರಿಗೂ ಇಲ್ಲ. ಆದರೆ ಮಾಧ್ಯಮ ಆರಿಸಿದ್ದು ಚೀಟಿ ಅಲ್ಲ, ಮನೆಯವರು. ಮನೆ ಭಾಷೆ ತುಳುವೋ, ಕನ್ನಡವೋ, ಮಲಯಾಳವೋ, ಬ್ಯಾರಿಯೋ, ಅಪ್ಪ ಗಲ್ಫಿನಲ್ಲಿದ್ದಾರೋ ತೋಟದಲ್ಲಿದ್ದಾರೋ, ಅಣ್ಣ ಯಾವ ಮಾಧ್ಯಮದಲ್ಲಿ ಓದಿದ ಅಂತ ಮೊದಲ ದಿನವೇ ಬರೆದಿಟ್ಟುಕೊಳ್ಳಿ. ಒಂದನೇ ಕ್ಲಾಸಿಗೆ ಸೇರುವಾಗಲೇ ಮಗುವಿಗೆ ಏನು ಗೊತ್ತಿತ್ತು ಅಂತಲೂ ಬರೆದಿಡಿ. ಬರೀ ಎಸ್ಸೆಸ್ಸೆಲ್ಸಿ ಅಂಕದ ಪಟ್ಟಿ ಹಿಡಿದುಕೊಂಡು ನನ್ನ ಹತ್ತಿರ ಬರಬೇಡಿ, ನಾನು ಏನು ಕೇಳುತ್ತೇನೆ ಅಂತ ಈಗ ನಿಮಗೆ ಗೊತ್ತಿದೆ.

ಎರಡನೇ ಚೀಟಿಯೂ ಬಂತು. ಪ್ರಶ್ನೆ ಇದ್ದವರು ಊಟಕ್ಕೆ ನನ್ನ ಸಾಲಿನಲ್ಲಿ ಕೂತುಕೊಳ್ಳಿ, ಮಾತಾಡೋಣ. ನಮಸ್ಕಾರ.