ಎಲೀಯನಿಗೆ ಸಾಕಾಗಿಹೋದ ದಿನ

ಕರ್ತನಲ್ಲಿ ಪ್ರಿಯರಾದ ನಿಮಗೆಲ್ಲ ವಂದನೆ.

ಮನಸ್ಸು ಕುಗ್ಗಿಹೋದಾಗ ನಂಬಿಕೆ ಇರುವವರು ಏನು ಮಾಡಬೇಕು? ಇದರ ಬಗ್ಗೆ ಮಾತಾಡಿ ಅಂತ ನಮ್ಮ ಯುವಜನರು ಕೇಳಿಕೊಂಡಿದ್ದಾರೆ. ಇದಕ್ಕೆ ನಾನು ಬೈಬಲಿನ 1 ಅರಸುಗಳು ಪುಸ್ತಕದ 19ನೇ ಅಧ್ಯಾಯವನ್ನು, ಪ್ರವಾದಿ ಎಲೀಯನ ಕಥೆಯನ್ನು ಆರಿಸಿಕೊಂಡಿದ್ದೇನೆ. 18ನೇ ಅಧ್ಯಾಯ ಸಂಡೇ ಸ್ಕೂಲಿನ ಮಕ್ಕಳಿಗೂ ಬಾಯಿಪಾಠ. ಕರ್ಮೆಲ್ ಬೆಟ್ಟ, ಬಾಳನೆಂಬ ದೇವತೆಯ 450 ಪ್ರವಾದಿಗಳು, ಆಕಾಶದಿಂದ ಬಿದ್ದ ಬೆಂಕಿ, ಕಡೆಗೆ ಬರ ಕಳೆದು ಸುರಿದ ಮಳೆ. ಅಲ್ಲಿಗೆ ನಾವು ಕಥೆ ನಿಲ್ಲಿಸಿಬಿಡುತ್ತೇವೆ. ಬೈಬಲ್ ಮಾತ್ರ ನಿಲ್ಲಿಸುವುದಿಲ್ಲ.

ಬಾಳನ ಪ್ರವಾದಿಗಳು ಎಲೀಯನ ಕೈಯಲ್ಲಿ ಸತ್ತ ಸುದ್ದಿ ಕೇಳಿ ರಾಣಿ ಈಜೆಬೆಲಳು ಅವನ ಹತ್ತಿರ ಆಳು ಕಳಿಸುತ್ತಾಳೆ. ನಾಳೆ ಇಷ್ಟು ಹೊತ್ತಿಗೆ ನಿನ್ನ ಜೀವ ತೆಗೆಸುತ್ತೇನೆ ಅನ್ನುತ್ತಾಳೆ. ಅಷ್ಟೇ, ಎಲೀಯ ಓಡಿದ. ದಕ್ಷಿಣದ ತುದಿಯ ಬೇರ್ಷೆಬದವರೆಗೂ ಓಡಿದ. ಜೊತೆಗಿದ್ದ ಸೇವಕನನ್ನು ಅಲ್ಲೇ ಬಿಟ್ಟ. ಒಬ್ಬನೇ ಒಂದು ದಿನದ ದಾರಿ ಅರಣ್ಯದೊಳಗೆ ನಡೆದು, ಒಂದು ಗಿಡದ ಕೆಳಗೆ ಕೂತು, "ಯೆಹೋವನೇ, ಈಗ ಸಾಕು, ನನ್ನ ಪ್ರಾಣ ತೆಗೆದುಬಿಡು" ಅಂದ.

ಆ ಸೇವಕನನ್ನು ಬಿಟ್ಟುಹೋದದ್ದನ್ನು ಗಮನಿಸಿ. ಮನಸ್ಸು ಸೋತಾಗ ನಾವು ಮೊದಲು ಮಾಡುವ ಕೆಲಸ ಅದೇ ಅಲ್ವಾ? ಫೋನ್ ಎತ್ತುವುದಿಲ್ಲ. ಮನೆಪ್ರಾರ್ಥನೆಗೆ ಕರೆದರೆ ಮೈ ಸರಿ ಇಲ್ಲ ಅನ್ನುತ್ತೇವೆ. ಸಭೆಗೆ ಬಂದರೂ ಹಿಂದಿನ ಬೆಂಚಿನಲ್ಲಿ ಕೂತು, ಆಶೀರ್ವಾದ ಮುಗಿಯುವ ಮೊದಲೇ ಚಪ್ಪಲಿ ಮೆಟ್ಟಿರುತ್ತೇವೆ.

ಈಗ ದೇವರು ಏನು ಮಾಡಿದರು ನೋಡಿ. ಎಲೀಯ ಮಲಗಿ ನಿದ್ದೆ ಹೋಗಿದ್ದಾನೆ. ದೂತನು ಬಂದು ಅವನನ್ನು ತಟ್ಟುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. "ಎದ್ದು ತಿನ್ನು" ಅನ್ನುತ್ತಾನೆ. ಎಲೀಯ ತಿಂದ, ಕುಡಿದ, ಮತ್ತೆ ಮಲಗಿದ. ಎದ್ದು ಕೂತು ಪ್ರಾರ್ಥನೆ ಮಾಡಲೂ ಇಲ್ಲ! ದೂತನು ಬೇಜಾರು ಮಾಡಿಕೊಳ್ಳಲಿಲ್ಲ. ಎರಡನೇ ಸಲ ಬಂದ. ಮತ್ತೆ ಅದೇ ಮಾತು, ಎದ್ದು ತಿನ್ನು, ದಾರಿ ದೂರವಿದೆ. ನಿನ್ನೆ ಮೊನ್ನೆ ಬೆಂಕಿ ಇಳಿಸಿದವನು ಇವತ್ತು ಹೀಗೆ ಅಳುತ್ತಿದ್ದೀಯಾ, ನಿನ್ನ ನಂಬಿಕೆ ಎಲ್ಲಿ ಹೋಯಿತು ಅಂತ ಒಂದು ಮಾತೂ ಇಲ್ಲ. ಆದರೆ ನಾವು ಆ ಮಾತನ್ನು ಎಷ್ಟು ಸಲೀಸಾಗಿ ಆಡಿಬಿಡುತ್ತೇವೆ! ಗಂಡನ ಕುಡಿತ, ಮನೆ ಸಾಲದ ಕಂತು, ಹಾಸಿಗೆ ಹಿಡಿದ ಅತ್ತೆ, ಇದರ ನಡುವೆ ತಿಂಗಳುಗಟ್ಟಲೆ ಸರಿಯಾಗಿ ನಿದ್ದೆ ಮಾಡದ ತಾಯಿಗೆ "ಇನ್ನೂ ಉಪವಾಸ ಮಾಡಿ, ಇನ್ನೂ ಜಾಸ್ತಿ ಪ್ರಾರ್ಥನೆ ಮಾಡಿ" ಅನ್ನುತ್ತೇವೆ. ಆಕೆಗೆ ಬೇಕಾಗಿರುವುದು ಒಂದು ಹೊತ್ತು ಬಿಸಿ ಊಟ. ಮಕ್ಕಳನ್ನು ಯಾರಾದರೂ ನೋಡಿಕೊಂಡರೆ ಎರಡು ಗಂಟೆ ನಿದ್ದೆ. ಅದನ್ನು ಕೊಡುವುದೂ ದೇವರ ಸೇವೆಯೇ. ದೂತನೇ ಮಾಡಿದ ಕೆಲಸ ಅದು.

ಮುಂದೆ 40 ಹಗಲು 40 ರಾತ್ರಿ ನಡೆದು ಎಲೀಯ ಹೋರೇಬ್ ಬೆಟ್ಟ ಸೇರುತ್ತಾನೆ. "ಎಲೀಯನೇ, ಇಲ್ಲಿ ಏನು ಮಾಡುತ್ತೀ?" ಅಂತ ದೇವರು ಕೇಳುತ್ತಾರೆ. ಅವನು ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳುತ್ತಾನೆ. ನಾನೊಬ್ಬನೇ ಉಳಿದಿದ್ದೇನೆ, ನನ್ನನ್ನೂ ಕೊಲ್ಲಬೇಕೆಂದಿದ್ದಾರೆ ಅನ್ನುತ್ತಾನೆ. ಆಮೇಲೆ ಬಿರುಗಾಳಿ, ಭೂಕಂಪ, ಬೆಂಕಿ. ಯಾವುದರಲ್ಲೂ ಕರ್ತನಿರಲಿಲ್ಲ. ಕಡೆಗೆ ಒಂದು ಮೆಲ್ಲನೆಯ ಸ್ವರ. ಪ್ರಸಂಗಿಗಳು ಸಾಮಾನ್ಯವಾಗಿ ಅಲ್ಲಿಗೆ ಮುಗಿಸುತ್ತಾರೆ. ನನಗೆ ಅದರ ನಂತರದ ವಚನವೇ ಹೆಚ್ಚು ಸಮಾಧಾನ ಕೊಡುತ್ತದೆ. ದೇವರು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ. ಎಲೀಯ ಅದೇ ದೂರನ್ನು ಮತ್ತೆ ಹೇಳುತ್ತಾನೆ. ದೇವರ ಸ್ವರ ಕೇಳಿದ ಮೇಲೂ ಅವನ ನೋವು ಹಾಗೇ ಇತ್ತು! ದೇವರು ಎರಡನೇ ಸಲವೂ ಪೂರ್ತಿ ಕೇಳಿಸಿಕೊಂಡರು. ಹಾಗಾಗಿ ನಿನ್ನೆ ಅತ್ತ ವಿಷಯಕ್ಕೇ ಇವತ್ತೂ ಪ್ರಾರ್ಥನೆಯಲ್ಲಿ ಅಳು ಬಂದರೆ ನಾಚಿಕೊಳ್ಳಬೇಡಿ.

ಕೀರ್ತನೆಗಳಲ್ಲೂ ಇಂಥ ಅಳು ತುಂಬ ಇದೆ. 88ನೇ ಕೀರ್ತನೆ ಓದಿ. ಕೊನೆಯ ಸಾಲಿನಲ್ಲೂ ಕತ್ತಲೆಯೇ. ಆದರೂ ಅದು ದೇವರಿಗೇ ಹೇಳಿದ ಮಾತು, ದೇವರ ವಾಕ್ಯದಲ್ಲೇ ಅದಕ್ಕೆ ಜಾಗ ಸಿಕ್ಕಿದೆ. ನಮ್ಮ ಯೇಸುಸ್ವಾಮಿಯೂ ಗೆತ್ಸೇಮನೆ ತೋಟದಲ್ಲಿ ತನ್ನ ಪ್ರಾಣ ಸಾಯುವಷ್ಟು ದುಃಖಪಡುತ್ತಿದೆ ಎಂದು ಬಾಯಿಬಿಟ್ಟು ಹೇಳಿದರು. ಮೂವರು ಶಿಷ್ಯರನ್ನು ಹತ್ತಿರ ಕರೆದು, ನನ್ನ ಸಂಗಡ ಎಚ್ಚರವಾಗಿರಿ ಎಂದು ಕೇಳಿಕೊಂಡರು. ದೇವಕುಮಾರನೇ ಜೊತೆ ಬೇಕೆಂದು ಕೇಳಿದ ಮೇಲೆ ನಮಗೆ ಯಾಕೆ ಸಂಕೋಚ?

ಲಂಡನ್‌ನಲ್ಲಿ ಚಾರ್ಲ್ಸ್ ಸ್ಪರ್ಜನ್ ಎಂಬ ಹೆಸರಾಂತ ಪ್ರಸಂಗಿ ಇದ್ದರು. 1856ರ ಅಕ್ಟೋಬರ್ 19ರಂದು ಸರ್ರೆ ಗಾರ್ಡನ್ಸ್ ಸಭಾಂಗಣದಲ್ಲಿ ಅವರ ಕೂಟ. ಸಾವಿರಾರು ಜನ ಸೇರಿದ್ದರು. ಯಾರೋ "ಬೆಂಕಿ" ಎಂದು ಸುಳ್ಳೇ ಕೂಗಿದರು. ನೂಕುನುಗ್ಗಲಿನಲ್ಲಿ 7 ಜನ ಸತ್ತರು. ಸ್ಪರ್ಜನ್‌ಗೆ ಆಗ 22 ವರ್ಷ. ಆ ಪೆಟ್ಟಿನಿಂದ ಅವರ ಮನಸ್ಸು ಕುಸಿದೇಹೋಯಿತು. ಕೆಲವು ದಿನಗಳ ನಂತರ ಮತ್ತೆ ಪ್ರಸಂಗ ಮಾಡಿದರು. ಆದರೆ ಖಿನ್ನತೆ ಜೀವನವಿಡೀ ಬಂದು ಹೋಗುತ್ತಲೇ ಇತ್ತು. ಅವರು ಅದನ್ನು ಮುಚ್ಚಿಡಲಿಲ್ಲ. ತಮ್ಮ ಹತ್ತಿರ ಕಲಿಯುತ್ತಿದ್ದ ಯುವಕರಿಗೆ ಕಾಯಿಲೆ, ಒಂಟಿತನ, ಸದಾ ಕೂತೇ ಮಾಡುವ ಓದು ಕೂಡ ಮನಸ್ಸನ್ನು ಕುಗ್ಗಿಸುತ್ತವೆ ಎಂದು ಬಿಡಿಸಿ ಹೇಳಿದರು. ಹೊರಗೆ ಹೋಗಿ ಗಾಳಿಗೆ ಓಡಾಡಿ ಎಂದರು. ಎಲ್ಲವನ್ನೂ ಸೈತಾನನ ತಲೆಗೆ ಕಟ್ಟಲಿಲ್ಲ.

ಇದನ್ನು ಹೇಳುವುದಕ್ಕೆ ಕಾರಣ ಇದೆ. ಡಾಕ್ಟರ ಹತ್ತಿರ ಹೋದರೆ ದೇವರ ಮೇಲೆ ಭರವಸೆ ಕಮ್ಮಿಯಾದಂತೆ ಎಂದು ಇನ್ನೂ ಕೆಲವರು ಹೆದರುತ್ತಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತೇವೆ, ಅದಕ್ಕೆ ಪ್ರಾರ್ಥನೆಯನ್ನೂ ಮಾಡುತ್ತೇವೆ. ಮನಸ್ಸಿನ ಕಾಯಿಲೆಗೂ ಹಾಗೇ ಮಾಡಿ. ಸುವಾರ್ತೆ ಬರೆದ ಲೂಕನೂ ವೈದ್ಯನೇ. ಎರಡು ವಾರ ಕಳೆದರೂ ನಿದ್ದೆ, ಊಟ, ಕೆಲಸ ಸರಿಹೋಗದಿದ್ದರೆ ತಡಮಾಡಬೇಡಿ. ಸಾಯಬೇಕು ಅನ್ನಿಸಿದರಂತೂ ಅವತ್ತೇ ಯಾರಿಗಾದರೂ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈಗಲೇ ಫೋನಿನಲ್ಲಿ ಬರೆದುಕೊಳ್ಳಿ.

ಮತ್ತೆ ಎಲೀಯನ ಕಡೆ ಬರೋಣ. ನಾನೊಬ್ಬನೇ ಉಳಿದಿದ್ದೇನೆ ಅಂದನಲ್ಲ, ಅದಕ್ಕೆ ದೇವರು ಕೊಟ್ಟ ಉತ್ತರ ಏನು? ಬಾಳನಿಗೆ ಅಡ್ಡಬೀಳದವರು ಇಸ್ರಾಯೇಲಿನಲ್ಲಿ ಇನ್ನೂ 7000 ಮಂದಿ ಇದ್ದಾರೆ. ಜೊತೆಗೆ ಎಲೀಷ ಎಂಬ ಒಬ್ಬ ಮನುಷ್ಯನ ಹೆಸರು. ಹೊಲ ಉಳುತ್ತಿದ್ದ ಎಲೀಷ ಬಂದು ಅವನ ಜೊತೆ ನಡೆದ. ಅಪೊಸ್ತಲ ಪೌಲನಿಗೂ ಹೀಗೇ ಆಯಿತು. ಮಕೆದೋನ್ಯದಲ್ಲಿ ಹೊರಗೆ ಜಗಳ, ಒಳಗೆ ಭಯ, ಮೈಗೆ ವಿಶ್ರಾಂತಿಯೇ ಇಲ್ಲ ಎಂದು ಅವನೇ ಬರೆಯುತ್ತಾನೆ. ಆಗ ದೇವರು ತೀತನನ್ನು ಅಲ್ಲಿಗೆ ಬರಮಾಡಿ ಅವನನ್ನು ಸಂತೈಸಿದರು. ಒಬ್ಬ ಸ್ನೇಹಿತ ಬಾಗಿಲಿಗೆ ಬಂದದ್ದನ್ನು ಪೌಲನು ದೇವರೇ ಕೊಟ್ಟ ಆದರಣೆ ಎಂದು ಎಣಿಸಿದ.

ನಮ್ಮ ಸಭೆಯಲ್ಲಿ ಈ ತಿಂಗಳು ಕಾಣಿಸದವರು ಯಾರು ಅಂತ ನಿಮಗೇ ಗೊತ್ತು. ಈ ವಾರ ಅವರ ಮನೆಗೆ ಹೋಗಿ. ಯಾಕೆ ಬರಲಿಲ್ಲ ಅಂತ ವಿಚಾರಣೆ ಬೇಡ. ತಿನ್ನಲು ಏನಾದರೂ ತೆಗೆದುಕೊಂಡು ಹೋಗಿ, ಅವರು ಹೇಳಿದ್ದನ್ನು ಕೇಳಿ. ಹೊರಡುವಾಗ ಅವರಿಗೆ ಬೇಕಿದ್ದರೆ ಮಾತ್ರ ಚಿಕ್ಕದಾಗಿ ಪ್ರಾರ್ಥಿಸಿ ಬನ್ನಿ. ಕೂಟ ಮುಗಿದ ಮೇಲೆ ಅಯ್ಯನವರೂ ನಾನೂ ಇಲ್ಲೇ ಇರುತ್ತೇವೆ. ಮಾತಾಡಬೇಕು ಅನ್ನಿಸಿದವರು ನಿಧಾನವಾಗಿ ಬನ್ನಿ. ಈಗ 42ನೇ ಕೀರ್ತನೆಯನ್ನು ಎಲ್ಲರೂ ಸೇರಿ ಓದೋಣ.